ನಲವತ್ತಾರರಲ್ಲಿ ಕಲಿತ ಮೊದಲ ಪಾಠ

(ಸಂಘದ ವಾರ್ಷಿಕೋತ್ಸವದಲ್ಲಿ ಶಾಲೆಯ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಪ್ರತಿ ವರ್ಷವೂ ಈ ದಿನ ನಾನು ವರದಿಯನ್ನು ಓದುತ್ತೇನೆ. ನೀವು ತಾಳ್ಮೆಯಿಂದ ಕೇಳುತ್ತೀರಿ. ಈ ಸಲ ವರದಿಯನ್ನು ಕಾರ್ಯದರ್ಶಿಗಳು ಓದಿ ಮುಗಿಸಿದ್ದಾರೆ. ಮಕ್ಕಳಿಗೆ ಉಪಯೋಗವಾಗುವ ನಾಲ್ಕು ಮಾತುಗಳನ್ನು ನಾನು ಬೇರೆಯಾಗಿ ಆಡಬೇಕೆಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ನಾನು ಎದ್ದು ನಿಲ್ಲುತ್ತಲೇ ಹಿಂದಿನ ಸಾಲಿನಲ್ಲಿ ಕೆಲವರು ಮುಸಿಮುಸಿ ನಕ್ಕುದನ್ನು ಕಂಡೆ. ಕಾರಣವೂ ನನಗೆ ಗೊತ್ತು. ಕಳೆದ ಹದಿನಾಲ್ಕು ತಿಂಗಳುಗಳಿಂದ ಸಂಜೆಯ ಹೊತ್ತು ಭಜನಾ ಮಂದಿರದ ಕಿಟಕಿಯಲ್ಲಿ ಇಣುಕಿದವರೆಲ್ಲ, ತಮ್ಮ ಹೆಡ್ ಮಾಸ್ತರರು ಚಾಪೆಯ ಮೇಲೆ ಕುಳಿತು ಮೃದಂಗವನ್ನು ಬಾರಿಸಲು ಹೆಣಗುತ್ತಿರುವುದನ್ನು ನೋಡಿದ್ದಾರೆ. ಆ ನಗುವಿಗೆ ಕಾರಣವಾದ ವಿಷಯವನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ಇದರ ಬೀಜ ಬಿದ್ದದ್ದು ಬೆಂಗಳೂರಿನಲ್ಲಿ. ನಮ್ಮ ಕೊಡಿಕೊಂಡದ ಹೆದ್ದಾರಿಯಲ್ಲಿ ಬಸ್ಸು ಹತ್ತಿದರೆ ಎರಡು ಮೂರು ಗಂಟೆಗಳ ದಾರಿ. ಅಲ್ಲಿ ನನ್ನ ಷಡ್ಡಕರೊಬ್ಬರು ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದಾರೆ. ಅವರಿಗೆ ಐವತ್ತು ತುಂಬಿದ ವರ್ಷ ಬೇಸ್ ಗಿಟಾರ್ ಎಂಬ ವಾದ್ಯವನ್ನು ಕಲಿಯುವ ಹುಚ್ಚು ಹಿಡಿಯಿತು. ಈಗ ಅವರೂ, ಒಬ್ಬ ದಂತವೈದ್ಯರೂ, ವಿಮಾ ಕಂಪನಿಯ ಒಬ್ಬ ನೌಕರರೂ, ಇನ್ನಿಬ್ಬರು ಗೆಳೆಯರೂ ಸೇರಿ ಶನಿವಾರ ರಾತ್ರಿ ಒಂದು ಪಬ್ಬಿನಲ್ಲಿ ಹಾಡಿ ಬಾರಿಸುತ್ತಾರೆ. ಅವರ ಒತ್ತಾಯಕ್ಕೆ ನಾನೂ ಒಮ್ಮೆ ಹೋಗಿದ್ದೆ. ಅಲ್ಲಿ ನಾನು ಕುಡಿದದ್ದು ನಿಂಬೆಹಣ್ಣಿನ ಶರಬತ್ತು ಮಾತ್ರವೆಂದು ಪೋಷಕರಲ್ಲಿ ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕೇ ದಪ್ಪ ತಂತಿಗಳು. ಅದರ ಅತ್ಯಂತ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮೊದಲು ಪಾಶ್ಚಾತ್ಯರು ಈ ತಗ್ಗಿನ ನಾದಕ್ಕಾಗಿ ಆಳೆತ್ತರದ ಡಬಲ್ ಬೇಸ್ ವಾದ್ಯವನ್ನು ಹೊತ್ತು ತಿರುಗಬೇಕಾಗಿತ್ತು. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಎಂಬವರು ಹೆಗಲಿಗೆ ತೂಗುಹಾಕಿಕೊಳ್ಳುವಂತಹ ವಿದ್ಯುತ್ ಬೇಸನ್ನು ಮಾರಾಟಕ್ಕೆ ತಂದ ಬಳಿಕ ಅದು ಲೋಕದಲ್ಲೆಲ್ಲ ಹರಡಿತು. ಷಡ್ಡಕರು ಹಾಡುಗಾರನ ಹಿಂದೆ, ದೀಪದ ಬೆಳಕು ಸರಿಯಾಗಿ ಬೀಳದ ಕಡೆ ನಿಂತಿದ್ದರು. ಅವರ ಕಡೆ ಯಾರೂ ನೋಡುತ್ತಿರಲಿಲ್ಲ. ‘ಐವತ್ತರ ಮೇಲೆ ಇವರಿಗೆ ಈ ಕಷ್ಟವೇಕೆ?’ ಎಂದುಕೊಂಡೆ. ಅಷ್ಟರಲ್ಲಿ ಅವರ ವಾದ್ಯದ ಕೊಂಡಿಯೊಂದು ಸಡಲಿ ನಾದ ನಿಂತುಹೋಯಿತು. ಹಾಡು ನಿಲ್ಲಲಿಲ್ಲ, ಆದರೆ ತಳ ಒಡೆದ ಕೊಡದಂತಾಯಿತು. ಊಟ ಮಾಡುತ್ತಿದ್ದವರೂ ತಲೆಯೆತ್ತಿ ನೋಡಿದರು. ಕೊಂಡಿ ಕೂಡಿತು, ಹಾಡು ತುಂಬಿಕೊಂಡಿತು, ಜನ ಮತ್ತೆ ಅವರನ್ನು ಮರೆತರು.

ಲೇಪಾಕ್ಷಿಯ ನಾಟ್ಯಮಂಟಪವನ್ನು ನೀವೆಲ್ಲ ನೋಡಿದ್ದೀರಿ. ಹದಿನಾರನೆಯ ಶತಮಾನದಲ್ಲಿ ವಿಜಯನಗರದ ಅರಸರ ಕಾಲದಲ್ಲಿ ಎದ್ದ ಕಂಬಗಳವು. ಅಲ್ಲಿ ಹೋದವರ ಕಣ್ಣು ಮೊದಲು ಕುಣಿಯುವ ರಂಭೆಯ ಮೇಲೆ ಬೀಳುತ್ತದೆ. ಪಕ್ಕದ ಕಂಬದಲ್ಲಿ ಮೃದಂಗ ಬಾರಿಸುತ್ತಿರುವವನು ಯಾರೆಂದು ಕೇಳಿದರೆ ಬಹುಮಂದಿ ಹೇಳಲಾರರು. ಅವನು ಬ್ರಹ್ಮ. ಲೋಕವನ್ನು ಸೃಷ್ಟಿಸಿದವನನ್ನು ಶಿಲ್ಪಿ ಪಕ್ಕವಾದ್ಯದವನನ್ನಾಗಿ ನಿಲ್ಲಿಸಿದ್ದಾನೆ! ಬೆಂಗಳೂರಿನಿಂದ ಮರಳಿದ ಮೇಲೆ ನನಗೆ ಆ ಕಂಬ ಬಾರಿಬಾರಿಗೂ ನೆನಪಾಗತೊಡಗಿತು.

ಅದೇ ವೇಳೆಗೆ ನಮ್ಮೂರ ಭಜನಾ ಮಂಡಳಿಗೆ ಒಂದು ಚಿಂತೆ ಹತ್ತಿತ್ತು. ಬಹುಕಾಲದಿಂದ ಮೃದಂಗ ನುಡಿಸುತ್ತಿದ್ದ ತಾತನವರಿಗೆ ಕೈ ನಡುಗಲು ಮೊದಲಾಗಿತ್ತು. ಹಾರ್ಮೋನಿಯಂ ಹಿಡಿಯುವವರಿದ್ದರು, ತಾಳ ಹಾಕುವವರಿದ್ದರು. ಮೃದಂಗವನ್ನು ಮುಟ್ಟುವವರು ಇರಲಿಲ್ಲ. ನಾನು ಹೋಗಿ, “ತಾತ, ನನಗೆ ಹೇಳಿಕೊಡುತ್ತೀರಾ?” ಎಂದು ಕೇಳಿದೆ. ಅವರು ನನ್ನ ಕೈಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿ, “ಸೀಮೆಸುಣ್ಣ ಹಿಡಿದ ಕೈ, ಮೇಷ್ಟ್ರೆ. ಬಿಗಿದುಕೊಂಡಿದೆ. ಸಡಲಲಿಕ್ಕೆ ಹೊತ್ತು ಹಿಡಿಯುತ್ತದೆ” ಎಂದರು. ಆಗ ನನಗೆ ನಲವತ್ತಾರು ವರ್ಷ. ತಾತನವರು ಶಾಲೆಗೆ ಹೋದದ್ದು ಮೂರನೆಯ ತರಗತಿಯವರೆಗೆ, ನಾನು ಬಿ.ಎ., ಬಿ.ಟಿ. ಮಾಡಿದವನು. ಚಾಪೆಯ ಮೇಲೆ ಕುಳಿತ ಮೊದಲ ದಿನವೇ ಆ ನಾಲ್ಕಕ್ಷರಗಳು ಅಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲವೆಂದು ತಿಳಿಯಿತು.

ಮೃದಂಗದ ಮೊದಲ ಪಾಠ ‘ತ, ಧಿ, ತೊಂ, ನಂ’ ಎಂಬ ನಾಲ್ಕು ಸೊಲ್ಲುಗಳು. ‘ತ’ ಮತ್ತು ‘ತೊಂ’ ಎಡಗೈಯವು. ‘ಧಿ’ ಮತ್ತು ‘ನಂ’ ಬಲಗೈಯವು. ಕೇಳಲು ಎಷ್ಟು ಸುಲಭ! ಬಾಯಿ ಹೇಳಿದ್ದನ್ನು ಕೈ ಮಾಡಬೇಕು, ಅಷ್ಟೆ. ನನ್ನ ಬಾಯಿ ‘ತೊಂ’ ಎಂದರೆ ಕೈ ಮಂಕಾಗಿ ‘ಟಪ್’ ಎನ್ನುತ್ತಿತ್ತು. ‘ತೊಂ’ ಎಂಬುದು ಎಡಮುಖದ ತೆರೆದ ನಾದ; ಹೊಡೆದೊಡನೆಯೇ ಕೈಯನ್ನು ಬಿಟ್ಟುಕೊಡಬೇಕು. ಬಿಟ್ಟರೆ ನಾದ, ಒತ್ತಿಹಿಡಿದರೆ ಸದ್ದು. ಆ ಒಂದು ‘ತೊಂ’ಕಾರಕ್ಕೆ ನನಗೆ ಏಳು ವಾರ ಹಿಡಿಯಿತು.

ವಿಜ್ಞಾನ ಓದುವ ಮಕ್ಕಳು ಈ ವಾದ್ಯವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಹಲಸಿನ ಮರದ ಒಡಲು, ಎರಡು ಕಡೆ ತೊಗಲಿನ ಮುಖ. ನುಡಿಸುವ ಮೊದಲು ಎಡಮುಖದ ನಡುವೆ ರವೆಯನ್ನು ನೀರಿನಲ್ಲಿ ಕಲಸಿ ಮೆತ್ತುತ್ತಾರೆ. ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ತೊಗಲಿಗೆ ಭಾರ ಕೂಡಿದಂತೆ ಕಂಪನ ನಿಧಾನವಾಗಿ ನಾದ ತಗ್ಗುತ್ತದೆ. ನಮ್ಮ ಷಡ್ಡಕರು ದಪ್ಪ ತಂತಿಯಿಂದ ಪಡೆಯುವ ಮಂದ್ರನಾದವನ್ನು ನಮ್ಮ ಹಿರಿಯರು ಒಂದು ಹಿಡಿ ರವೆಯಿಂದ ಪಡೆದರು. ಬಲಮುಖದ ನಡುವಿನ ಕಪ್ಪು ಬೊಟ್ಟಿನ ಗುಟ್ಟನ್ನು ಬಿಡಿಸಿದವರು ಸರ್ ಸಿ. ವಿ. ರಾಮನ್. ಬರಿಯ ತೊಗಲನ್ನು ಹೊಡೆದರೆ ಮೂಲನಾದದೊಡನೆ ಏಳುವ ಮೇಲ್ನಾದಗಳು ಅದಕ್ಕೆ ಹೊಂದುವುದಿಲ್ಲ. ಆದುದರಿಂದ ಅದು ಗದ್ದಲವಾಗಿ ಕೇಳುತ್ತದೆ. ಆ ಬೊಟ್ಟಿನ ಭಾರದಿಂದ ಮೇಲ್ನಾದಗಳು ಮೂಲನಾದದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟಾಗಿ ಒಪ್ಪವಾಗಿ ಕೂಡಿಕೊಳ್ಳುತ್ತವೆ. ಚರ್ಮವಾದ್ಯ ತಂತಿವಾದ್ಯದಂತೆ ಶ್ರುತಿಗೆ ನಿಲ್ಲುತ್ತದೆ. 1920ರಲ್ಲಿ ಶಿವಕಾಳಿ ಕುಮಾರ್ ಎಂಬವರೊಡನೆ ಇದನ್ನು ಮೊದಲು ಪ್ರಕಟಿಸಿದ ರಾಮನ್ನರು 1934ರಲ್ಲಿ, ನೊಬೆಲ್ ಪಾರಿತೋಷಕ ಬಂದು ನಾಲ್ಕು ವರ್ಷಗಳಾದ ಮೇಲೆ, ಬೆಂಗಳೂರಿನಲ್ಲಿದ್ದುಕೊಂಡು ಅದೇ ವಿಷಯವನ್ನು ವಿಸ್ತಾರವಾಗಿ ಬರೆದರು.

ಇನ್ನು ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ.

ಕಳೆದ ಧನುರ್ಮಾಸದಲ್ಲಿ ಮುಂಜಾನೆಯ ಭಜನೆಗೆ ತಾತನವರು ನನ್ನನ್ನು ಮೃದಂಗದ ಮುಂದೆ ಕೂಡಿಸಿದರು. ನಮ್ಮ ಮಂಡಳಿಯಲ್ಲಿ ಪುರಂದರದಾಸರ ಒಂದು ಪದ, ಅನ್ನಮಾಚಾರ್ಯರ ಒಂದು ಕೀರ್ತನೆ, ಹೀಗೆ ಕನ್ನಡ ತೆಲುಗು ಒಂದೇ ತಾಳದ ಮೇಲೆ ಸಾಗುತ್ತವೆ. ಎರಡನೆಯ ಹಾಡಿನ ನಡುವೆ ನನ್ನ ಎಡಗೈ ತಪ್ಪಿತು. ಹಿಡಿಯಲು ಹೋಗಿ ಓಡಿದೆ. ಓಡಿ ಇನ್ನೂ ತಪ್ಪಿದೆ. ಹಾಡುವವರು ನಿಂತರು. ಅಂದು ಸಂಜೆ ಅಭ್ಯಾಸಕ್ಕೆ ಕುಳಿತಾಗಲೂ ಅದೇ ಜಾಗದಲ್ಲಿ ಎಡವಿ, ರೇಗಿ, “ಇದು ನನ್ನ ತಲೆಗೆ ಹತ್ತುವುದಲ್ಲ ಬಿಡಿ, ತಾತ” ಎಂದುಬಿಟ್ಟೆ.

ಎದುರಿಗೆ ಕೈಯಲ್ಲಿ ತಾಳ ಹಾಕುತ್ತಿದ್ದ ತಾತನವರ ಮೊಮ್ಮಗ ತಟ್ಟನೆ ತಲೆ ತಗ್ಗಿಸಿದ. ಅವನು ನಮ್ಮ ಶಾಲೆಯ ಆರನೆಯ ತರಗತಿಯ ಹುಡುಗ. ಆ ಮಾತನ್ನು ಅವನು ಹಿಂದೆ ಕೇಳಿದ್ದ. ಅದನ್ನು ಆಡಿದ್ದವನು ನಾನು. ಭಿನ್ನರಾಶಿಯ ಪಾಠದಲ್ಲಿ, ಅರ್ಧಕ್ಕಿಂತ ಕಾಲು ದೊಡ್ಡದು ಎಂದು ಅವನು ಉತ್ತರ ಕೊಟ್ಟಿದ್ದ. ಎರಡಕ್ಕಿಂತ ನಾಲ್ಕು ದೊಡ್ಡದಲ್ಲವೆ ಎಂಬುದು ಅವನ ವಾದ. ನಾನು ಇಡೀ ತರಗತಿಯ ಎದುರಿಗೆ, “ಇದು ನಿನ್ನ ತಲೆಗೆ ಹತ್ತುವುದಲ್ಲ, ಕುಳಿತುಕೋ” ಎಂದಿದ್ದೆ. ಮಕ್ಕಳು ನಕ್ಕಿದ್ದರು. ಆಮೇಲೆ ಅವನು ಒಂಬತ್ತು ದಿನ ಶಾಲೆಗೆ ಬಂದಿರಲಿಲ್ಲ. ಜ್ವರವಿರಬಹುದೆಂದು ನಾನು ಹಾಜರಿ ಪುಸ್ತಕದಲ್ಲಿ ಗುರುತು ಹಾಕಿ ಮರೆತಿದ್ದೆ. ತಾತನವರು ಮರೆತಿರಲಿಲ್ಲ. ಎಲ್ಲವನ್ನೂ ತಿಳಿದೇ ನನಗೆ ಪಾಠ ಹೇಳುತ್ತಿದ್ದರು; ಒಂದು ದಿನವೂ ಎತ್ತಿ ಆಡಲಿಲ್ಲ. ಅಂದೂ ಅವರು ಅಂದದ್ದು ಇಷ್ಟೆ: “ಕಾಲ ತಗ್ಗಿಸಿ, ಮೇಷ್ಟ್ರೆ. ನಿಧಾನಕ್ಕೆ ಹೋದರೆ ಎಲ್ಲರಿಗೂ ಹತ್ತುತ್ತದೆ.”

ಮಕ್ಕಳೆ, ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮರುದಿನ ಸಂಜೆ ನಾನು ಆ ಹುಡುಗನನ್ನು ಪಕ್ಕದಲ್ಲಿ ಕೂಡಿಸಿಕೊಂಡೆ. ಆದಿತಾಳಕ್ಕೆ ಎಂಟು ಎಣಿಕೆ. ಮೊದಲನೆಯ ಕಾಲದಲ್ಲಿ ಎಣಿಕೆಗೆ ಒಂದು ಸೊಲ್ಲು, ಎರಡನೆಯ ಕಾಲದಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. “ಎಣಿಕೆಗೆ ಎರಡು ನುಡಿಸಿದರೆ ಒಂದೊಂದಕ್ಕೆ ಎಷ್ಟು ಹೊತ್ತು ಸಿಕ್ಕಿತು?” ಎಂದೆ. “ಅರ್ಧ” ಎಂದ. “ನಾಲ್ಕು ನುಡಿಸಿದರೆ?” ಅವನು ತೊಡೆಯ ಮೇಲೆ ಬಾರಿಸಿ ನೋಡಿದ, ಮತ್ತೊಮ್ಮೆ ಬಾರಿಸಿದ. “ಕಾಲು ಸಾರ್. ಕಾಲು ಚಿಕ್ಕದು. ಓಡಬೇಕಾಗುತ್ತದೆ!” ಎಂದ. ಕರಿಹಲಗೆಯ ಮೇಲೆ ಒಂದು ತಿಂಗಳು ನಾನು ಹೇಳಲಾರದೆ ಹೋದದ್ದನ್ನು ಅವನ ಬೆರಳುಗಳು ಒಂದು ಗಳಿಗೆಯಲ್ಲಿ ಹೇಳಿದವು. ಮುಂದಿನ ಕಿರುಪರೀಕ್ಷೆಯಲ್ಲಿ ಅವನಿಗೆ ಇಪ್ಪತ್ತೈದಕ್ಕೆ ಹನ್ನೊಂದು ಬಂದಿತು. ಅದು ದೊಡ್ಡ ಅಂಕವಲ್ಲ. ಆದರೆ ಅಂದಿನಿಂದ ಅವನು ಒಂದು ದಿನವೂ ಶಾಲೆಯನ್ನು ತಪ್ಪಿಸಿಲ್ಲ.

ಅವನೂ ಅವನ ಮನೆಯವರೂ ಒಪ್ಪಿದ ಮೇಲೆಯೇ ಇದನ್ನು ಇಲ್ಲಿ ಹೇಳುತ್ತಿದ್ದೇನೆ. ತರಗತಿಯ ಎದುರಿಗೆ ಆಡಿದ ಮಾತಿಗೆ ಕೋಣೆಯೊಳಗೆ ಕ್ಷಮೆ ಕೇಳಿದರೆ ಸಾಲದು. ಆದಕಾರಣ ಈ ಸಭೆಯ ಎದುರಿಗೆ ಅವನ ಕ್ಷಮೆಯನ್ನು ಬೇಡುತ್ತೇನೆ. ನನ್ನಿಂದ ಅಂತಹ ಮಾತು ಕೇಳಿದ ಬೇರೆ ಮಕ್ಕಳೂ ಇಲ್ಲಿರಬಹುದು. ಅವರ ಕ್ಷಮೆಯನ್ನೂ ಬೇಡುತ್ತೇನೆ.

ವಯಸ್ಸಾದ ಮೇಲೆ ಕಲಿಯುವವನು ನಗೆಪಾಟಲಾಗುವುದು ಹೊಸದಲ್ಲ. ಗ್ರೀಸ್ ದೇಶದ ಸಾಕ್ರಟೀಸನು ಮುಪ್ಪಿನಲ್ಲಿ ಕೊನ್ನಸ್ ಎಂಬ ವಾದ್ಯಗಾರನ ಬಳಿ ಹುಡುಗರ ಜೊತೆಯಲ್ಲಿ ತಂತಿವಾದ್ಯ ಕಲಿಯಲು ಹೋಗುತ್ತಿದ್ದನಂತೆ. ಹುಡುಗರು ಅವನನ್ನು ನೋಡಿ ನಗುತ್ತಿದ್ದರು. ಸಾಲದೆಂದು ಗುರುವಿಗೆ ‘ಮುದುಕರ ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು. ಪ್ಲೇಟೋ ತನ್ನ ಒಂದು ಸಂವಾದದಲ್ಲಿ ಇದನ್ನು ಸಾಕ್ರಟೀಸನ ಬಾಯಿಂದಲೇ ಹೇಳಿಸಿದ್ದಾನೆ. ನಮ್ಮ ತಾತನವರಿಗೂ ನಿಮ್ಮಲ್ಲಿ ಕೆಲವರು ಅಂತಹ ಹೆಸರನ್ನೇ ಇಟ್ಟಿದ್ದೀರೆಂದು ಕೇಳಿದ್ದೇನೆ!

ಹೊಟ್ಟೆಪಾಡಿಗಲ್ಲದ ಕಲೆ ಏಕೆ ಎನ್ನುವವರೂ ಉಂಟು. ನಮ್ಮ ಈ ಸೀಮೆಗೆ ಆ ಪ್ರಶ್ನೆ ಒಪ್ಪುವುದಿಲ್ಲ. ಧರ್ಮವರದ ರಾಮಕೃಷ್ಣಮಾಚಾರ್ಯರು ಬಳ್ಳಾರಿಯಲ್ಲಿ ವಕೀಲರಾಗಿದ್ದುಕೊಂಡೇ ಸರಸವಿನೋದಿನಿ ಸಭೆಯನ್ನು ಕಟ್ಟಿ ನಾಟಕ ಬರೆದರು, ಆಡಿಸಿದರು. ಬಳ್ಳಾರಿ ರಾಘವರೂ ವಕೀಲರೇ. ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ರಂಗವೇರಿದರು. ಹಗಲು ನ್ಯಾಯಾಲಯ, ರಾತ್ರಿ ರಂಗಸ್ಥಳ. ಅಂತಹವರ ಪ್ರತಿಭೆ ನಮಗಿಲ್ಲ, ನಿಜ. ಆದರೆ ಸಂಜೆಯ ಒಂದು ಗಂಟೆ ನಮಗೂ ಇದೆ.

ಪೋಷಕರಲ್ಲಿ ನನ್ನದೊಂದು ಬಿನ್ನಹ. ನಿಮಗೆ ಬಾರದ ಏನಾದರೊಂದನ್ನು ಮಕ್ಕಳ ಕಣ್ಣೆದುರಿಗೆ ಕಲಿಯಿರಿ. ಮೃದಂಗವೇ ಆಗಬೇಕೆಂದಿಲ್ಲ, ರಂಗೋಲಿಯಾಗಲಿ, ಇಂಗ್ಲಿಷ್ ಅಕ್ಷರವಾಗಲಿ, ಈಜಾಗಲಿ. ನೀವು ತಪ್ಪುವುದನ್ನೂ, ತಪ್ಪಿ ಮತ್ತೆ ಕುಳಿತುಕೊಳ್ಳುವುದನ್ನೂ ಮಕ್ಕಳು ನೋಡಲಿ. ‘ಓದು ಓದು’ ಎಂದು ಹತ್ತು ಸಲ ಹೇಳುವುದಕ್ಕಿಂತ ಅದು ಮೇಲು. ತಾನು ಹೊಸದಾಗಿ ಕಲಿಯುತ್ತಿರುವವನಿಗೆ, ಕಲಿಯಲು ಎಷ್ಟು ಹೊತ್ತು ಬೇಕೆಂಬುದು ಮರೆಯುವುದಿಲ್ಲ. ನಾನು ಅದನ್ನು ಇಪ್ಪತ್ತು ವರ್ಷ ಮರೆತಿದ್ದೆ.

ವಿದ್ಯಾರ್ಥಿಗಳೆ, ನಿಧಾನವಾಗಿ ಕಲಿಯುವುದು ಅವಮಾನವಲ್ಲ. ಎಲ್ಲರೂ ಮುಂದೆ ನಿಂತು ಹಾಡಬೇಕಾದದ್ದೂ ಇಲ್ಲ. ಹಿಂದೆ ಕುಳಿತು, ಇತರರು ತಪ್ಪದಂತೆ ಲಯವನ್ನು ಹಿಡಿದು ನಡೆಸುವವರೂ ಬೇಕು. ಮನೆಗೂ ಊರಿಗೂ ಅವರು ಬೇಕು.

ನನ್ನ ವಿದ್ಯೆ ಈಗ ಎಲ್ಲಿಗೆ ಬಂದಿದೆಯೆಂದರೆ, ಆದಿತಾಳ ಮತ್ತು ರೂಪಕತಾಳದಲ್ಲಿ ಹಾಡನ್ನು ಕೆಡಿಸದೆ ಹಿಂಬಾಲಿಸಬಲ್ಲೆ, ಅಷ್ಟೆ. ಬಹುಮಾನ ವಿತರಣೆಯಾದ ಮೇಲೆ ನಮ್ಮ ಮಂಡಳಿಯವರು ಎರಡು ಪದಗಳನ್ನು ಹಾಡಲಿದ್ದಾರೆ. ಒಂದಕ್ಕೆ ತಾತನವರು ಮೃದಂಗ, ಇನ್ನೊಂದಕ್ಕೆ ನಾನು. ತಾಳ ಹಾಕುವವನು ಆ ಹುಡುಗ. ನಾನು ತಪ್ಪಿದರೆ ಧಾರಾಳವಾಗಿ ನಗಿರಿ. ಆದರೆ ನಕ್ಕವರೆಲ್ಲ ಸೋಮವಾರ ಸಂಜೆ ಐದೂವರೆಗೆ ಭಜನಾ ಮಂದಿರಕ್ಕೆ ಬರಬೇಕು. ಚಾಪೆ ಅಗಲವಾಗಿದೆ, ತಾತನವರು ಕಾದಿರುತ್ತಾರೆ.