ಮೆಟ್ನರನ ಮೈಸೂರು

ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಕಡೆಗಳಿಂದ ಬಂದಿರುವ ಕನ್ನಡ ಬಂಧುಗಳೆ,

ಈ ಸಲದ ದತ್ತಿ ಉಪನ್ಯಾಸಕ್ಕೆ ಯುರೋಪಿನ ಸಂಗೀತ ರಚನಕಾರರ ವಿಷಯ ಆರಿಸಿಕೊಂಡಿದ್ದೇನೆ ಎಂದಾಗ ಖೇಡದ ಹಿರಿಯರೊಬ್ಬರು ಫೋನಿನಲ್ಲೇ ನಕ್ಕರು. “ನಮ್ಮ ಭಜನಿಗೂ ಅವರ ಪಿಯಾನೋಕ್ಕೂ ಏನ್ ಸಂಬಂಧರಿ?” ಎಂದರು. “ನಿಮ್ಮ ಭಜನಿಯೊಳಗ ಪೇಟಿ ಅದ ಅಲ್ರಿ?” ಎಂದೆ. ಆ ಪೇಟಿ, ಅಂದರೆ ಹಾರ್ಮೋನಿಯಂ, 1842ರಲ್ಲಿ ಪ್ಯಾರಿಸ್ಸಿನ ದೆಬೇನ್ ಎಂಬಾತ ಪೇಟೆಂಟ್ ಪಡೆದ ವಾದ್ಯ. ನಮ್ಮವರು ಅದರ ಕಾಲು ಕಳಚಿ ನೆಲದ ಮೇಲೆ ಕೂರಿಸಿದರು, ಪಾದಕ್ಕಿದ್ದ ತಿದಿಯನ್ನು ಎಡಗೈಗೆ ಕೊಟ್ಟರು. ಅದರ ಬಿಳಿ, ಕರಿ ಮನೆಗಳ ಸಾಲು ಮಾತ್ರ ಪಿಯಾನೋದ್ದೇ.

ಇನ್ನೊಂದು ನಂಟು ತಾರೀಖಿನದು. ಸೋಲಾಪುರದ ಕಡೆಯಿಂದ ಬಂದ ಭಾರತೀಯ ಸೇನೆ ಇಲ್ಲಿಯ ಹೆದ್ದಾರಿಯಲ್ಲೇ ಜಹೀರಾಬಾದನ್ನು ದಾಟಿದ್ದು 1948ರ ಸೆಪ್ಟೆಂಬರ್ 16ರಂದು. ಮರುದಿನ ಹೈದರಾಬಾದಿನ ನಿಜಾಮರು ಮಣಿದರು. ಅದೇ ತಿಂಗಳ 20ರಂದು ಸ್ವಿಟ್ಜರ್ಲೆಂಡಿನಲ್ಲಿ 84 ವರ್ಷದ ರಿಚರ್ಡ್ ಸ್ಟ್ರಾಸ್ ಒಂದು ಹಾಡಿನ ಸ್ವರಲಿಪಿ ಬರೆದು ಮುಗಿಸಿದ. ಹೆಸರು ‘ಸೆಪ್ಟೆಂಬರ್’. ಇಲ್ಲಿ ಜನ ಹೆದರಿ ಬಿಟ್ಟುಹೋದ ಊರಿಗೆ ಮರಳುತ್ತಿದ್ದ ದಿನಗಳಲ್ಲಿ ಅಲ್ಲೊಬ್ಬ ಮುದುಕ ಬೇಸಿಗೆ ಮುಗಿದ ತೋಟದ ಬಗ್ಗೆ ಹಾಡು ಕಟ್ಟುತ್ತಿದ್ದ. ಇವೆರಡಕ್ಕೂ ಸಂಬಂಧ ಹಚ್ಚುವ ಹಟ ನನಗಿಲ್ಲ. ಆದರೆ ಆ ಹಾಡು ಮೊದಲ ಸಲ ಜನರ ಕಿವಿಗೆ ಬಿದ್ದದ್ದು ಒಬ್ಬ ಕನ್ನಡ ನಾಡಿನ ದೊರೆಯ ಹಣದಿಂದ. ಇಂದಿನ ನನ್ನ ಮಾತೆಲ್ಲ ಆತನ ಸುತ್ತಲೇ.

ಆ ದೊರೆ, ಮೈಸೂರಿನ ಜಯಚಾಮರಾಜ ಒಡೆಯರ್, ಹುಟ್ಟಿದ್ದು 1919ರ ಜುಲೈ 18ರಂದು. ಪಿಯಾನೋ ವಾದಕನಾಗಿ ಕಛೇರಿ ಕೊಡಬೇಕೆಂಬುದು ಹುಡುಗನ ಆಸೆ. 1940ರಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡರು. 21ರ ಹುಡುಗ ಪಟ್ಟಕ್ಕೆ ಬಂದ, ಪಿಯಾನೋ ಅರಮನೆಯೊಳಗೇ ಉಳಿಯಿತು. ತಾನು ನುಡಿಸಲಾಗದೆ ಉಳಿದದ್ದನ್ನು ಇನ್ನೊಬ್ಬರಿಂದ ನುಡಿಸಿ ಕೇಳಿದ ಎಂದು ನನಗನ್ನಿಸುತ್ತದೆ.

ಆ ಇನ್ನೊಬ್ಬ ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವ, ರಖ್ಮಾನಿನೋವನ ಗೆಳೆಯ. ಗೆಳೆತನ ಎಂಥದೆಂದರೆ, ರಖ್ಮಾನಿನೋವ್ ತನ್ನ ನಾಲ್ಕನೆಯ ಪಿಯಾನೋ ಕನ್ಸರ್ಟೋವನ್ನು ಮೆಟ್ನರನಿಗೆ ಅರ್ಪಿಸಿದ, ಮೆಟ್ನರ್ ತನ್ನ ಎರಡನೆಯದನ್ನು ಅವನಿಗೆ. ರಖ್ಮಾನಿನೋವನ ಹೆಸರು ಲೋಕವೆಲ್ಲ ಹರಡಿತು, ಇವನದು ಮೂಲೆ ಸೇರಿತು. ಇವನದು ಹಟದ ಸ್ವಭಾವ. ಸುತ್ತಲಿನವರು ಹಳೆಯ ಶ್ರುತಿ ಸಂಬಂಧಗಳನ್ನೆಲ್ಲ ಮುರಿಯುತ್ತಿದ್ದಾಗ ಇವನು ಬೀಥೋವೆನ್ನನ ಹಾದಿ ಬಿಡಲಿಲ್ಲ. 14 ಪಿಯಾನೋ ಸೊನಾಟಾ ಬರೆದ. ‘ಸ್ಕಾಜ್ಕಿ’ ಎಂಬ ಚಿಕ್ಕ ರಚನೆಗಳನ್ನೂ ಬರೆದ. ರಷ್ಯನ್ನಿನಲ್ಲಿ ಹಾಗೆಂದರೆ ನಮ್ಮ ಅಡಗೂಲಜ್ಜಿ ಕಥೆಗಳು. ಮಾತಿಲ್ಲದ ಕಥೆಗಳವು. ಕೇಳುತ್ತ ಕೂತರೆ ಯಾರೋ ದನಿ ತಗ್ಗಿಸಿ ಏನನ್ನೋ ಹೇಳಲು ತೊಡಗುತ್ತಾರೆ, ನಡುವೆ ತಾವೇ ಬೆಚ್ಚುತ್ತಾರೆ, ಕೊನೆ ಹೇಳದೆ ಎದ್ದುಹೋಗುತ್ತಾರೆ.

1921ರಲ್ಲಿ ರಷ್ಯಾ ಬಿಟ್ಟ. 1930ರ ದಶಕದ ನಡುವಿನಲ್ಲಿ ಲಂಡನ್ ಸೇರಿದ. ಯುದ್ಧ ಬಂದು ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು, ಹೃದಯವೂ ಕೈಕೊಟ್ಟಿತು. ಇಂಥ ಹೊತ್ತಿನಲ್ಲಿ ಮೈಸೂರಿನಿಂದ ಬಂದ ಮಾತು ಅವನಿಗೆ ಅಡಗೂಲಜ್ಜಿ ಕಥೆಯಂತೆಯೇ ಕೇಳಿಸಿರಬೇಕು: ನಿನ್ನ ಕೃತಿಗಳನ್ನು ನೀನೇ ನುಡಿಸು, ಧ್ವನಿಮುದ್ರಣದ ಖರ್ಚು ನಮ್ಮದು. ದೊರೆ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಕಟ್ಟಿಸಿದ. 1947ರಿಂದ ಮೆಟ್ನರ್ ಮೂರೂ ಕನ್ಸರ್ಟೋಗಳನ್ನು ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಜೊತೆ ನುಡಿಸಿದ. ಸೊನಾಟಾ, ಸ್ಕಾಜ್ಕಿ, ಹಾಡುಗಳೂ ಎಚ್.ಎಂ.ವಿ.ಯ ತಟ್ಟೆಗಳಿಗೆ ಇಳಿದವು. ಮೂರನೆಯ ಕನ್ಸರ್ಟೋದ ಅರ್ಪಣೆಯಲ್ಲಿ ಮೈಸೂರು ಮಹಾರಾಜರ ಹೆಸರಿದೆ. 1951ರ ನವೆಂಬರಿನಲ್ಲಿ ಮೆಟ್ನರ್ ತೀರಿಕೊಂಡ. ನಾಲ್ಕು ವರ್ಷ ತಡವಾಗಿದ್ದರೆ ಆ ಕನ್ಸರ್ಟೋಗಳು ಆ ಬೆರಳುಗಳಿಂದಲೇ ನಮಗೆ ಸಿಗುತ್ತಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ತತ್ವಪದಕಾರರಿಗೆ ಕಾಗದದ ಹಂಗಿಲ್ಲ. ಏಕತಾರಿ ಹಿಡಿದವನ ಬಾಯಿಂದ ಪಕ್ಕದವನ ಬಾಯಿಗೆ ಪದ ದಾಟುತ್ತದೆ, ದಾಟುವಾಗ ಒಂದಿಷ್ಟು ಬದಲಾಗುತ್ತದೆ, ಯಾರೂ ಜಗಳಕ್ಕೆ ಬರುವುದಿಲ್ಲ. ಯುರೋಪಿನ ರಚನಕಾರ ಹಾಗಲ್ಲ. ಯಾವ ಬೆರಳು ಎಷ್ಟು ಒತ್ತಬೇಕು, ಎಲ್ಲಿ ಉಸಿರು ಕಟ್ಟಬೇಕು ಎಂಬುದನ್ನೂ ಬರೆದಿಡುತ್ತಾನೆ. ಅಷ್ಟು ಬರೆದಿಟ್ಟರೂ ನುಡಿಸುವವರಿಲ್ಲದಿದ್ದರೆ ಅದು ಬರೀ ಕಾಗದ. ಮೆಟ್ನರನ ಗತಿ ಅದೇ ಆಗಿತ್ತು.

ಇಷ್ಟು ಪಿಯಾನೋ ಹುಚ್ಚಿನ ದೊರೆ ತಾನು ರಚನೆಗೆ ಕೂತಾಗ ಪಿಯಾನೋದ ಹತ್ತಿರ ಹೋಗಲಿಲ್ಲ. ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿ ರಚಿಸಿದ. ಎಲ್ಲವೂ ಕರ್ನಾಟಕ ಸಂಗೀತದವು, ಭಾಷೆ ಸಂಸ್ಕೃತ. ಪಿಯಾನೋದ ಮನೆ ಒತ್ತಿದರೆ ಸ್ವರ ನಿಂತಲ್ಲೇ ನಿಲ್ಲುತ್ತದೆ. ವೀಣೆಯ ತಂತಿ ಎಳೆದರೆ ಒಂದು ಸ್ವರ ಇನ್ನೊಂದರ ಮೈ ಸವರಿ ಬರುತ್ತದೆ. ಎರಡನ್ನೂ ಬಲ್ಲ ಕಿವಿ ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟಿತು. ಎಲ್ಲವನ್ನೂ ಕಲಸಿ ‘ಫ್ಯೂಷನ್’ ಎಂದು ಬಡಿಸುವ ಈಗಿನವರಿಗಿಂತ ಈ ಸಂಯಮ ನನಗೆ ಹೆಚ್ಚು ಹಿಡಿಸುತ್ತದೆ.

ಮೈಸೂರಿನ ಹಣ ಲಂಡನ್ನಿಗೆ ಏಕೆ ಹೋಗಬೇಕಿತ್ತು ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ವಾಲ್ಟರ್ ಲೆಗ್ ಕಟ್ಟಿದ ಫಿಲ್‌ಹಾರ್ಮೋನಿಯಾಗೆ ದೊರೆ ಒಪ್ಪಿದ್ದು ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷದ ನೆರವು. ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ರಾಜರ ಕಾಲದಲ್ಲಿ ಖರ್ಚಿಗೆ ಪ್ರಜೆಗಳ ಒಪ್ಪಿಗೆ ಯಾರೂ ಕೇಳುತ್ತಿರಲಿಲ್ಲ. ಅದನ್ನು ಹೊಗಳಲಾರೆ. ಹಾಗೆಂದು ಆ ತಟ್ಟೆಗಳನ್ನು ಕೇಳದೆ ಇರಲೂ ಆರೆ.

ಸ್ಟ್ರಾಸನ ಕಥೆಯಲ್ಲೂ ಇಂಥದೇ ಮುಳ್ಳಿದೆ. 1933ರಿಂದ 1935ರವರೆಗೆ ಆತ ನಾಜಿ ಸರ್ಕಾರದ ಸಂಗೀತ ಮಂಡಳಿಯ ಅಧ್ಯಕ್ಷನಾಗಿದ್ದ. ಯುದ್ಧದ ನಂತರ ವಿಚಾರಣೆ ನಡೆದು 1948ರಲ್ಲಿ ದೋಷಮುಕ್ತನಾದ. ಮರುವರ್ಷ ಸೆಪ್ಟೆಂಬರಿನಲ್ಲೇ ಸತ್ತ. ‘ಸೆಪ್ಟೆಂಬರ್’ ಸೇರಿದ ಕೊನೆಯ ನಾಲ್ಕು ಹಾಡುಗಳನ್ನು ಅವನು ಕೇಳಲೇ ಇಲ್ಲ. ಕರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಬೇಕೆಂಬುದು ಅವನ ಬಯಕೆಯಾಗಿತ್ತು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಆಕೆಯೇ ಹಾಡಿದಳು. ಫರ್ಟ್‌ವೆಂಗ್ಲರ್ ವೃಂದವನ್ನು ನಡೆಸಿದ. 4,800 ಡಾಲರಿನ ಖಾತರಿ ಕೊಟ್ಟವರು ಮೈಸೂರಿನ ದೊರೆ. ಅವರಿಗೆ ಹೋಗಲಾಗಲಿಲ್ಲ, ಹಾಡುಗಳನ್ನು ಧ್ವನಿಮುದ್ರಿಸಿ ಮೈಸೂರಿಗೆ ಕಳಿಸುವ ಏರ್ಪಾಡಾಗಿತ್ತು.

1956ರ ನವೆಂಬರ್ 1ರಂದು ಇದೇ ಜಯಚಾಮರಾಜ ಒಡೆಯರ್ ವಿಶಾಲ ಮೈಸೂರಿಗೆ ರಾಜ್ಯಪಾಲರಾದರು. ಬೀದರ್, ಕಲಬುರಗಿ ಅವರ ರಾಜ್ಯಕ್ಕೆ ಸೇರಿದವು. ಬೀದರಿನ ಜಹೀರಾಬಾದ್, ನಾರಾಯಣಖೇಡ್, ಕಲಬುರಗಿಯ ತಾಂಡೂರು, ಕೊಡಂಗಲ್ ಆ ದಿನವೇ ಆಂಧ್ರಪ್ರದೇಶಕ್ಕೆ ಹೋದವು. ಗೆರೆಯನ್ನು ಒಂದಿಷ್ಟು ಆಚೆಗೆ ಎಳೆದಿದ್ದರೆ ಮೆಟ್ನರನ ದೊರೆ ನಿಮಗೂ ರಾಜ್ಯಪಾಲರಾಗಿರುತ್ತಿದ್ದರು.

ಮಾತು ಸಾಕು. ಆ ‘ಸೆಪ್ಟೆಂಬರ್’ ಹಾಡನ್ನು ಈಗ ಈ ಸ್ಪೀಕರಿನಲ್ಲಿ ಹಾಕುತ್ತೇನೆ, ನಾಲ್ಕೈದು ನಿಮಿಷ ಅಷ್ಟೆ. ಭಾಷೆ ಜರ್ಮನ್, ತಲೆ ಕೆಡಿಸಿಕೊಳ್ಳಬೇಡಿ. ಹಾಡುವವಳ ದನಿ ನಿಂತ ಮೇಲೂ ಹಾಡು ಮುಗಿದಿರುವುದಿಲ್ಲ. ಚಪ್ಪಾಳೆಗೆ ಅವಸರ ಬೇಡ. ಒಂದು ಕೊಂಬಿನ ದನಿ ಒಂಟಿಯಾಗಿ ಬರುತ್ತದೆ. ಸ್ಟ್ರಾಸನ ಅಪ್ಪ ನುಡಿಸುತ್ತಿದ್ದ ವಾದ್ಯ ಅದು. ಅದು ಬಂದಾಗ ನಾನು ಕೈ ಎತ್ತುತ್ತೇನೆ.