‘ಇಸ್ಕೂಲು’ ಎಂಬ ಮಾತು



ಸಾಂಗಲಿ-ಮಿರಜಗಳ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಆಡುತ್ತ ಬೆಳೆಯುತ್ತಾರೆ, ಎರಡಕ್ಕೂ ಅಂಜುವುದಿಲ್ಲ. ಮೂರನೆಯದಾದ ಇಂಗ್ಲಿಷ್ ಎದುರಾದೊಡನೆ ನಾಲಗೆ ಕಟ್ಟುತ್ತದೆ. ಈ ಅಂಜಿಕೆಯ ಕಾರಣದಿಂದಲೇ ಎಷ್ಟೋ ಪಾಲಕರು ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸುತ್ತಿದ್ದಾರೆ. ಆದ್ದರಿಂದ ಇಂದು ವ್ಯಾಕರಣವನ್ನು ಬದಿಗಿಟ್ಟು, ಆ ಭಾಷೆಯ ನಾಲ್ಕಾರು ಮಾತುಗಳ ಕುಲಗೋತ್ರ ವಿಚಾರಿಸೋಣ.

ನಮ್ಮ ಅಜ್ಜಂದಿರು ‘ಇಸ್ಕೂಲು’ ಎನ್ನುತ್ತಿದ್ದರು. ಮೊಮ್ಮಕ್ಕಳು ನಗುತ್ತಾರೆ. ನಗಬೇಕಾದ ಕಾರಣವಿಲ್ಲ. ‘ಸ್ಕೂಲ್’ ಇಂಗ್ಲಿಷರ ಸ್ವಂತ ಸೊತ್ತಲ್ಲ. ಗ್ರೀಕರ ‘ಸ್ಖೊಲೇ’ ಲ್ಯಾಟಿನ್ನಿನಲ್ಲಿ ‘ಸ್ಕೋಲಾ’ ಆಗಿ ಅವರಿಗೆ ದೊರೆಯಿತು. ಅದೇ ಮಾತು ಸ್ಪೇನಿನಲ್ಲಿ ‘ಎಸ್ಕ್ವೇಲಾ’ ಆಯಿತು. ಮೊದಲಲ್ಲೇ ಬರುವ ಒತ್ತಕ್ಷರ ಆ ಜನರಿಗೂ ತೊಡಕೆನಿಸಿ, ಮುಂದೊಂದು ಸ್ವರವನ್ನು ಊರುಗೋಲಾಗಿ ಕೊಟ್ಟರು. ನಮ್ಮಜ್ಜ ಮಾಡಿದ್ದೂ ಅದನ್ನೇ! ಅರ್ಥವನ್ನು ಹೇಳಿದರಂತೂ ಮಕ್ಕಳು ನಂಬಲಾರರು: ಗ್ರೀಕಿನಲ್ಲಿ ಅದಕ್ಕೆ ಮೊದಲ ಅರ್ಥ ಬಿಡುವು. ದುಡಿಮೆಯಿಂದ ಬಿಡುವಿದ್ದವರು ಚರ್ಚೆಯಲ್ಲಿ ಕಳೆದ ಹೊತ್ತು, ಬಳಿಕ ಆ ಚರ್ಚೆಯ ತಾಣ. ಇಂದಿನ ಮಕ್ಕಳ ಚೀಲದ ಭಾರ ನೋಡಿದರೆ ಆ ಬಿಡುವು ಎಲ್ಲಿ ಉಳಿದಿದೆಯೋ ಕಾಣೆ. ನಮ್ಮ ‘ಶಾಲೆ’ಯೂ ಎರವಲೇ. ಸಂಸ್ಕೃತದ ‘ಶಾಲಾ’ ಎಂದರೆ ಮನೆ, ಹಜಾರ. ಮರಾಠಿಯವರಿಗೆ ಅದು ‘ಶಾಳಾ’.

‘ಪೆನ್’, ‘ಪೆನ್ಸಿಲ್’ ಅಕ್ಕತಂಗಿಯರಂತೆ ಕಂಡರೂ ಒಂದೇ ಮನೆತನದವಲ್ಲ. ಮೊದಲನೆಯದು ಹಕ್ಕಿಯ ಗರಿ. ಎರಡನೆಯದು ‘ಪುಟ್ಟ ಬಾಲ’, ಚಿತ್ರಕಾರನ ಕೂದಲ ಕುಂಚಕ್ಕೆ ಇದ್ದ ಹೆಸರು.

ಇನ್ನು ಮನೆಯೊಳಗೆ ಬನ್ನಿ. ‘ವಿಂಡೋ’ ಉತ್ತರ ಯುರೋಪಿನ ನಾರ್ಸ್ ಜನರ ಮಾತು; ‘ಗಾಳಿಯ ಕಣ್ಣು’ ಎಂದು ಅದರ ಅರ್ಥ. ನಮ್ಮ ‘ಗವಾಕ್ಷ’ವನ್ನು ಬಿಡಿಸಿ ನೋಡಿ: ಗೋವಿನ ಕಣ್ಣು! ಎಲ್ಲಿಯ ನಾರ್ಸ್ ಜನ, ಎಲ್ಲಿಯ ನಾವು. ಗೋಡೆಯಲ್ಲಿ ಇಬ್ಬರಿಗೂ ಕಣ್ಣೇ ಕಂಡಿತು. ‘ಫ್ಯಾಮಿಲಿ’ಯ ಮೂಲ ಅಷ್ಟು ಸುಂದರವಲ್ಲ. ಲ್ಯಾಟಿನ್ನಿನಲ್ಲಿ ಅದು ಮನೆಯ ಆಳುಗಳ ಸಮೂಹ. ತಾಯಂದಿರು ನಗುತ್ತಿರುವುದು ಸಕಾರಣವಾಗಿದೆ. ‘ಸಿಸ್ಟರ್’ ಎಂಬ ರೂಪವೂ ನಾರ್ಸ್ ಜನರಿಂದ ಬಂದದ್ದೇ. ಒಡಹುಟ್ಟಿದವಳ ಹೆಸರೂ ಎರವಲೇ ಎಂದು ಬೆರಗಾಗಬೇಡಿ. ನೆರೆಮನೆಯ ಮರಾಠಿ ಹುಡುಗಿ ‘ಅಕ್ಕಾ’ ಎಂದು ಕೂಗುವಾಗ, ಅವಳಜ್ಜ ‘ಅಡಕಿತ್ತಾ’ ಹಿಡಿದು ಅಡಿಕೆ ಕತ್ತರಿಸುವಾಗ, ಅಲ್ಲಿರುವುದು ನಮ್ಮ ಅಕ್ಕ, ನಮ್ಮ ಅಡಕೊತ್ತು.

1919ರಲ್ಲಿ ಆರಂಭವಾದ ನಮ್ಮ ವಿಲಿಂಗ್ಡನ್ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದ ವಿ. ಕೃ. ಗೋಕಾಕರು ಇಂಗ್ಲಿಷಿನ ಪ್ರಾಧ್ಯಾಪಕರು, ಕನ್ನಡದ ಕವಿಗಳು. ಅಲ್ಲಿಯೇ ಕನ್ನಡ ಕಲಿಸಿದ ರಂ. ಶ್ರೀ. ಮುಗಳಿಯವರಿಗೆ 1956ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಒಂದು ಭಾಷೆ ಕಲಿಯಲು ಇನ್ನೊಂದನ್ನು ಬಿಡಬೇಕೆಂದು ಅವರಾರೂ ಬಗೆಯಲಿಲ್ಲ.

‘ಕಿಚನ್’, ‘ಚಾಕ್’ ಮೊದಲಾದವನ್ನು ಸಮಯಾಭಾವದಿಂದ ಕೈಬಿಡುತ್ತೇನೆ. ಇಲ್ಲಿ ಕುಳಿತ ಮಕ್ಕಳು ಅವುಗಳ ಮೂಲವನ್ನು ಹುಡುಕಿಕೊಂಡು ಮುಂದಿನ ಸಭೆಗೆ ಬರಲಿ.