ಹೆಬ್ಬೆಟ್ಟಿಗೆ ಬೀಗ ಹಾಕಿ

ಸಹಕಾರನಗರದಿಂದ ಒಬ್ಬ ತಾಯಿ ನಮ್ಮ ಕಚೇರಿಗೆ ಫೋನ್ ಮಾಡಿದ್ರು. ನಿವೃತ್ತ ಶಿಕ್ಷಕಿ. ಪಿಂಚಣಿ ಖಾತೆಯಿಂದ ಮೂರು ದಿನ ದಿನಕ್ಕೆ ಹತ್ತು ಸಾವಿರದಂತೆ ಮೂವತ್ತು ಸಾವಿರ ಹೋಗಿದೆ. ಓಟಿಪಿ ಬಂದಿಲ್ಲ. ಯಾವ ಲಿಂಕೂ ಒತ್ತಿಲ್ಲ. ಎಟಿಎಂ ಕಾರ್ಡ್ ಬೀರುವಿನಲ್ಲೇ ಇದೆ. ಆದರೆ ಅವರಿಗೆ ಹಣಕ್ಕಿಂತ ಹೆಚ್ಚು ನೋವಾಗಿದ್ದು ಮಗನ ಪ್ರಶ್ನೆಯಿಂದ: "ಅಮ್ಮ, ಯಾರಿಗಾದ್ರೂ ಓಟಿಪಿ ಹೇಳ್ಬಿಟ್ಯಾ?"

ನಾನು ಅವರನ್ನು ಕೇಳಿದ್ದು ಒಂದೇ. "ಅಮ್ಮ, ಈಚೆಗೆ ಏನಾದ್ರೂ ರಿಜಿಸ್ಟ್ರೇಷನ್ ಮಾಡಿಸಿದ್ರಾ?" ಮಾಡಿಸಿದ್ದರು. ಒಂದು ಸೈಟು.

2023ರಲ್ಲಿ ಬೆಂಗಳೂರು, ಮಂಗಳೂರಿನಲ್ಲಿ ಇಂಥ ದೂರುಗಳು ಸಾಲುಸಾಲಾಗಿ ಬಂದವು. ಪೊಲೀಸರು ಜಾಡು ಹಿಡಿದು ಹೋದಾಗ ಸಿಕ್ಕಿದ್ದು ನೋಂದಣಿ ಇಲಾಖೆಯ 'ಕಾವೇರಿ' ತಂತ್ರಾಂಶದಿಂದ ಪಡೆದ ಕ್ರಯಪತ್ರಗಳು. ಅವುಗಳಲ್ಲಿ ನಮ್ಮ ಹೆಸರಿತ್ತು, ಆಧಾರ್ ಸಂಖ್ಯೆ ಇತ್ತು, ಹೆಬ್ಬೆಟ್ಟಿನ ಗುರುತೂ ಇತ್ತು. ಆ ಗುರುತಿನಿಂದ ನಕಲಿ ಬೆರಳಚ್ಚು ತಯಾರಾಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಮಂಗಳೂರು ಪೊಲೀಸರು ಬಿಹಾರದ ಮೂವರನ್ನು ಹಿಡಿದು ತಂದರು.

ಹಣ ಹೋಗಿದ್ದು ಎಇಪಿಎಸ್ ಮೂಲಕ, ಅಂದರೆ ಆಧಾರ್ ಆಧಾರಿತ ಪಾವತಿ. ಹಳ್ಳಿಯಲ್ಲಿ ಬ್ಯಾಂಕ್ ಇಲ್ಲದ ಕಡೆ, ಬ್ಯಾಂಕ್ ಮಿತ್ರರ ಹತ್ತಿರ ಬೆರಳಿಟ್ಟು ಹಣ ತೆಗೆಯಲಿ ಅಂತ ಮಾಡಿದ ವ್ಯವಸ್ಥೆ. ಉದ್ದೇಶ ಒಳ್ಳೆಯದೇ. ಆದರೆ ಅದಕ್ಕೆ ಬೇಕಾಗಿರೋದು ಮೂರೇ: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು. ಪಿನ್ ಬೇಡ, ಓಟಿಪಿ ಬೇಡ.

ನಾನೂ ಇಂಜಿನಿಯರಿಂಗ್ ಓದಿದವನು. ಪಾಸ್‌ವರ್ಡ್ ಸೋರಿದರೆ ಬದಲಿಸಿ ಅಂತ ನಮಗೆ ಕಲಿಸಿದ್ದಾರೆ. ಬೆರಳು ಸೋರಿದರೆ? ದೇವರು ಕೊಟ್ಟಿರೋದು ಹತ್ತೇ. ಒಂದು ಕಾಲದಲ್ಲಿ ಓದು ಬರದವರನ್ನು ಹೆಬ್ಬೆಟ್ಟು ಅಂತ ಹಂಗಿಸ್ತಿದ್ವಿ. ಇವತ್ತು ಹೆಬ್ಬಾಳದ ಟೆಕ್ ಪಾರ್ಕ್‌ನ ಸಾಫ್ಟ್‌ವೇರ್ ಇಂಜಿನಿಯರೂ ಹೆಬ್ಬೆಟ್ಟೇ.

ಇದು ಯಾರಿಗೂ ಗೊತ್ತಿರದ ದಾರಿಯಾಗಿರಲಿಲ್ಲ. 2018ರಲ್ಲೇ ಪಕ್ಕದ ತೆಲಂಗಾಣದಲ್ಲಿ ನೋಂದಣಿ ಪತ್ರಗಳ ಬೆರಳಚ್ಚು ನಕಲು ಮಾಡಿ ಸಾವಿರಾರು ಸಿಮ್ ಚಾಲೂ ಮಾಡಿದ ಪ್ರಕರಣ ಬಯಲಾಗಿತ್ತು. ಪಕ್ಕದ ಮನೆಗೆ ಬೆಂಕಿ ಬಿದ್ದಾಗ ನಾವು ನೀರು ತುಂಬಿಟ್ಟುಕೊಳ್ಳಲಿಲ್ಲ.

ಈಗ ನೀವು ಮಾಡಬೇಕಾದ್ದು. ದಯವಿಟ್ಟು ಪೆನ್ನು ತಗೊಳ್ಳಿ.

ಒಂದು, ಆಧಾರ್ ಆಪ್‌ನಲ್ಲಿ ಅಥವಾ ಮೈ-ಆಧಾರ್ ವೆಬ್‌ಸೈಟ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ಮೊಬೈಲ್ ನಂಬರ್ ಆಧಾರ್‌ಗೆ ಜೋಡಣೆ ಆಗಿರಬೇಕು. ಆಮೇಲೆ ನಿಮ್ಮ ಬೆರಳು ನಿಮಗೂ ನಡೆಯಲ್ಲ. ರೇಷನ್ ತರುವ ದಿನ, ರಿಜಿಸ್ಟ್ರೇಷನ್ ದಿನ ಸ್ವಲ್ಪ ಹೊತ್ತು ತೆರೆದು ಮತ್ತೆ ಮುಚ್ಚಿ. ಸ್ಮಾರ್ಟ್‌ಫೋನ್ ಇಲ್ಲದವರು ಆಧಾರ್ ಕೇಂದ್ರಕ್ಕೆ ಹೋಗಿ.

ಎರಡು, ಅದೇ ವೆಬ್‌ಸೈಟ್‌ನಲ್ಲಿ ನಿಮ್ಮ ಆಧಾರ್ ಕಳೆದ ಆರು ತಿಂಗಳಲ್ಲಿ ಎಲ್ಲೆಲ್ಲಿ ಬಳಕೆಯಾಗಿದೆ ಅನ್ನೋ ಪಟ್ಟಿ ಸಿಗುತ್ತೆ. ನೋಡಿ. 'ಸಂಚಾರ್ ಸಾಥಿ'ಯಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ನೋಡಿ. ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಸಿಬಿಲ್ ವರದಿ ತೆಗೆಸಿ, ನೀವು ಮಾಡದ ಸಾಲ ಅಲ್ಲಿ ಕೂತಿರಬಹುದು.

ಮೂರು, ಹಣ ಹೋದರೆ ನಾಚಿಕೊಂಡು ಕೂರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ನಡುವೆ ಎಲ್ಲೋ ಆಗಿದೆ ಅನ್ನುವಾಗ ಮೂರು ಕೆಲಸದ ದಿನದೊಳಗೆ ತಿಳಿಸಿದ ಗ್ರಾಹಕನ ಮೇಲೆ ನಷ್ಟ ಹೊರಿಸಬಾರದು ಅಂತ ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲೇ ಹೇಳಿದೆ. ತಪ್ಪು ಗ್ರಾಹಕನದ್ದು ಅಂತ ಸಾಬೀತು ಮಾಡಬೇಕಾದ್ದೂ ಬ್ಯಾಂಕೇ. "ನಮ್ಮ ಕೈಯಲ್ಲಿ ಏನೂ ಇಲ್ಲ" ಅಂದರೆ ಈ ಮಾತು ನೆನಪಿಸಿ.

ನಾಲ್ಕು, ಹೋದ ಹಣ ವಾಪಸ್ ಕೊಡಿಸ್ತೀವಿ ಅಂತ ಯಾರಾದ್ರೂ ಫೋನ್ ಮಾಡಿದರೆ ಇಟ್ಟುಬಿಡಿ. ಮೊದಲು ಕದ್ದವರಿಗೆ ನಿಮ್ಮ ನಂಬರೂ ಗೊತ್ತಿರುತ್ತೆ.

ಇಷ್ಟು ನಮ್ಮ ಪಾಲಿನ ಕೆಲಸ. ಸರ್ಕಾರದ ಪಾಲೂ ಇದೆಯಲ್ಲ? ಯಲಹಂಕವೋ ಬ್ಯಾಟರಾಯನಪುರವೋ, ಸಬ್ ರಿಜಿಸ್ಟ್ರಾರ್ ಆಫೀಸ್‌ನಲ್ಲಿ ಬೆರಳು ಕೊಡೋದು ನಮ್ಮ ಇಷ್ಟ ಅಲ್ಲ, ಕಾನೂನಿನ ಕಡ್ಡಾಯ. ಕಡ್ಡಾಯವಾಗಿ ಪಡೆದವರು ಕಡ್ಡಾಯವಾಗಿ ಕಾಪಾಡಬೇಕು. ದತ್ತಾಂಶ ರಕ್ಷಣೆಗೆ 2023ರಲ್ಲಿ ಸಂಸತ್ತು ಕಾಯ್ದೆ ಮಾಡಿದೆ. ಕಾಗದದ ಮೇಲಿರುವ ಆ ರಕ್ಷಣೆ ಪಿಂಚಣಿ ಖಾತೆಯವರೆಗೂ ಬರಬೇಕು.

ಆ ತಾಯಿಗೆ ನಾನು ಕೊನೆಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ತಪ್ಪು ನಿಮ್ಮದಲ್ಲಮ್ಮ. ಮಗನಿಗೂ ಹಾಗೇ ಹೇಳಿ. ಹೇಳಿದ ಮೇಲೆ ಅವನ ಬೆರಳಿಗೂ ಬೀಗ ಹಾಕಿಸಿ.